ನೂರನಾಲ್ಕು ಕೋಟಿ ಹೆಜ್ಜೆಯ ಬೀಗ

ಒಂದಾನೊಂದು ಊರು. ಎಂಥ ಊರು ಅಂದರೆ, ತಲೆಯ ಮೇಲೆ ಆಕಾಶವೇ ಇಲ್ಲ, ಕಲ್ಲೇ ಚಪ್ಪರ. ಆ ಊರ ನಡುವೆ ಒಂದು ದುಂಡನೆಯ ಬಾವಿ. ಬಾವಿಯ ಸುತ್ತ ಮೂರು ಸುತ್ತು ಮೆಟ್ಟಿಲು. ಒಳಸುತ್ತಿಗೆ ಸಾವಿರದ ಒಂಬತ್ತು, ನಡುಸುತ್ತಿಗೆ ಸಾವಿರದ ಹದಿಮೂರು, ಹೊರಸುತ್ತಿಗೆ ಸಾವಿರದ ಹತ್ತೊಂಬತ್ತು. ಒಂದೊಂದು ಸುತ್ತಿನಲ್ಲಿ ಮೂವರು ಅಕ್ಕತಂಗಿಯರಲ್ಲಿ ಒಬ್ಬೊಬ್ಬಳು ನಡೆಯುತ್ತಿದ್ದಳು. ಕಣ್ಣು ಮಿಟುಕಿದರೆ ಒಂದು ಹೆಜ್ಜೆ, ಮತ್ತೆ ಮಿಟುಕಿದರೆ ಮತ್ತೊಂದು. ಪ್ರತಿ ಸುತ್ತಿನಲ್ಲೂ ಒಂದೇ ಒಂದು ತಾವರೆಯ ಮೆಟ್ಟಿಲು. ಮೂವರೂ ಒಂದೇ ಗಳಿಗೆಗೆ ತಮ್ಮ ತಮ್ಮ ತಾವರೆಯ ಮೇಲೆ ಕಾಲಿಟ್ಟರೆ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಆ ನಗುವಿಗೆ ಬಂಡೆ ಬಾಯಿ ಬಿಡುತ್ತದೆ. ಆಗ ಯಾರು ಕರೆಯುತ್ತಾರೋ ಅವರಿಗೆ ಒಳಗಿನ ಐಶ್ವರ್ಯವೆಲ್ಲ. ಒಂದು ಹೆಜ್ಜೆ ಮುಂಚೆ ಕರೆದರೂ ಅಕ್ಕತಂಗಿಯರಿಗೆ ಸಿಟ್ಟು ಬಂದು, ನಡಿಗೆಯನ್ನು ಮೊದಲಿಂದ ಶುರು ಮಾಡುತ್ತಾರೆ.

"ಆಮ್ಯಾಲ?" ಎಂದು ಏಳು ವರ್ಷದ ನೀಲಿ ಕೇಳುತ್ತಿದ್ದಳು.

"ಆಮ್ಯಾಲ ಏನು? ಇನ್ನೂ ನಡೀಲಿಕ್ಕತ್ತಾರ" ಅನ್ನುತ್ತಿದ್ದಳು ಅಜ್ಜಿ ಗುರುಸಿದ್ಧವ್ವ.

"ಹಂಗಾದ್ರ ನಾ ಕರೀತೀನಿ. ಸರಿಯಾದ ಗಳಿಗಿಗೆ ಕರೀತೀನಿ, ನೋಡ್ತಿರು."

"ಮಾತು ಕೊಟ್ಟಿ ಮತ್ತ?"

"ಕೊಟ್ಟೆ."

ಬೇರೆ ಮಕ್ಕಳ ಅಜ್ಜಿಯರು ಹೇಳಿದ ಕಥೆಗಳು ಬೆಳೆಯುತ್ತ ಬೆಳೆಯುತ್ತ ಸುಳ್ಳಾಗುತ್ತವೆ. ನೀಲಾಂಬಿಕೆಯ ಅಜ್ಜಿ ಹೇಳಿದ್ದು ಬೆಳೆದಷ್ಟೂ ನಿಜವಾಗುತ್ತ ಹೋಯಿತು. ಅವಳಿಗೀಗ ಇಪ್ಪತ್ತನಾಲ್ಕು. ತಳಪೇಟೆಯ ಬೀಗದ ಕೋಣೆಯಲ್ಲಿ ಕೆಲಸ. ಗಾಜಿನಾಚೆ ಆ ಮೂವರು ಅಕ್ಕತಂಗಿಯರು ಹಿತ್ತಾಳೆಯ ಮೂರು ಗಾಲಿಗಳಾಗಿ, ಸೆಕೆಂಡಿಗೊಂದು ಹಲ್ಲಿನಂತೆ, ಟಿಕ್ ಟಿಕ್ ಎಂದು ತಿರುಗುತ್ತಲೇ ಇದ್ದರು.

ತಳಪೇಟೆ ಎಂದರೆ ಹಳೆಯ ಚಿನ್ನದ ಗಣಿ. ಮೇಲಿನ ಬಿಸಿಲು ಮೈಸುಡುವಂತಾದ ಕಾಲದಲ್ಲಿ ಗುಡದೂರಿನ ಜನ ಗಣಿಯೊಳಗೆ ಇಳಿದು ಊರು ಕಟ್ಟಿಕೊಂಡರು. ಜೊತೆಗೆ ಬೀಜ ತಂದರು: ಜೋಳ, ಸಜ್ಜೆ, ನವಣೆ, ತೊಗರಿ, ಕುಸುಬೆ. ಬಿತ್ತಲು ನೆಲವಿಲ್ಲ, ಹಸಿವೋ, ಹೊಟ್ಟೆಯ ತುಂಬ. ಎದುರಿಗೆ ಬೀಜವಿದ್ದರೆ ಇಂದಲ್ಲ ನಾಳೆ ಯಾರಾದರೂ ಹುರಿದು ತಿನ್ನುತ್ತಾರೆ ಎಂದು ಹಿರಿಯರು ಅದನ್ನೆಲ್ಲ ತಣ್ಣನೆಯ ಕಲ್ಲುಕೋಣೆಯಲ್ಲಿಟ್ಟು ಬಾಗಿಲು ಹಾಕಿದರು. ಕಂಪ್ಯೂಟರಿನ ಬೀಗವಾದರೆ ಜಾಣರು ಒಡೆದಾರು. ಬಾಗಿಲನ್ನೇ ಸಿಡಿಸಿದರೆ ಮೇಲಿನ ಗುಡ್ಡ ಕುಸಿದು ಕೂತೀತು. ಅದಕ್ಕೇ ಗಾಲಿಯ ಬೀಗ. ಮೂರೂ ಗಾಲಿಗಳ ಬೆನ್ನಿಗೆ ಒಂದೊಂದು ಕಚ್ಚು ಕೊರೆದಿದ್ದರು. ಮೂರು ಕಚ್ಚುಗಳೂ ಒಟ್ಟಿಗೆ ಬಾಗಿಲನ್ನು ಹಿಡಿದ ಕಬ್ಬಿಣದ ಸರಳಿನ ಕೆಳಗೆ ಬಂದ ಆ ಒಂದು ಸೆಕೆಂಡಿನಲ್ಲಿ ಹಿಡಿಕೆ ಎಳೆದರೆ ಬಾಗಿಲು ತೆರೆಯುತ್ತದೆ. ಬೇರೆ ಯಾವ ಸೆಕೆಂಡಿನಲ್ಲಿ ಎಳೆದರೂ ಗಾಲಿಗಳು ಕಳಚಿ, ಮೊದಲಿನ ಹಲ್ಲಿಗೆ ಬಿದ್ದು, ಹೊಸದಾಗಿ ಹೊರಡುತ್ತವೆ.

ಹೊಸದಾಗಿ ಹೊರಟರೆ ಎಷ್ಟು ದೂರ? ನೀಲಿಗೆ ಆ ಸಂಖ್ಯೆ ಬಾಯಿಪಾಠ. ನೂರನಾಲ್ಕು ಕೋಟಿ ಹದಿನೈದು ಲಕ್ಷ ಮೂವತ್ತೇಳು ಸಾವಿರದ ಇನ್ನೂರ ಇಪ್ಪತ್ತಮೂರು ಹೆಜ್ಜೆ. ಮೂವತ್ತಮೂರು ವರ್ಷ, ಮೇಲೆ ಒಂದೂವರೆ ದಿನ. ಗಾಲಿಗಳಿಗೆ ಸಾವಿರ, ಸಾವಿರದ ಹತ್ತು, ಸಾವಿರದ ಇಪ್ಪತ್ತು ಎಂದು ಸಲೀಸಾದ ಹಲ್ಲು ಕೊರೆದಿದ್ದರೆ, ಅವು ತಮ್ಮೊಳಗೆ ಹಂಚಿಕೊಳ್ಳುವ ಅಪವರ್ತನಗಳಿರುವುದರಿಂದ ಅರವತ್ತು ದಿನ ತುಂಬುವುದರೊಳಗೆ ಮೂವರೂ ಕೂಡಿಬಿಡುತ್ತಿದ್ದರು. ಹಿರಿಯರು ಆರಿಸಿದ ಮೂರೂ ಅವಿಭಾಜ್ಯ ಸಂಖ್ಯೆಗಳು, ಒಂದನ್ನು ಬಿಟ್ಟರೆ ತಮ್ಮನ್ನಷ್ಟೇ ಒಳಗೆ ಬಿಟ್ಟುಕೊಳ್ಳುವ ಮೊಂಡರು. ಹಂಚಿಕೊಳ್ಳಲು ಅವರ ಬಳಿ ಏನೂ ಇಲ್ಲ. ಅದಕ್ಕೇ ಕೂಡಲು ಅಷ್ಟು ದೂರ. ಬಸ್ಸಿಲ್ಲದ ಊರಿನಲ್ಲಿ ಬೇರೆ ಹುಡುಗಿಯರು ಹಾಡು ಗುನುಗುತ್ತ ನಡೆದರೆ, ನೀಲಿ ಈ ಸಂಖ್ಯೆಯನ್ನು ಗುನುಗುತ್ತ ನಡೆಯುತ್ತಿದ್ದಳು.

ಗಾಲಿಗಳನ್ನು ಹೊರಡಿಸಿದವರು ಮೂವರು. ಇಬ್ಬರು ಎಂಜಿನಿಯರುಗಳು, ಒಬ್ಬಳು ಗುರುಸಿದ್ಧವ್ವ. ಒಬ್ಬರಿಗೆ ಗೊತ್ತಿದ್ದರೂ ಊರಿಗೇ ಗೊತ್ತಾಗುತ್ತದೆಂದು, ಪ್ರತಿಯೊಬ್ಬರೂ ತಮ್ಮ ಗಾಲಿಯನ್ನು ಉಳಿದವರಿಗೆ ಹೇಳದೆ ಮನಸ್ಸಿಗೆ ಬಂದ ಹಲ್ಲಿನಿಂದ ಹೊರಡಿಸಿದರು. ಎಂಜಿನಿಯರುಗಳು ತೀರಿಕೊಂಡರು. ಅಜ್ಜಿಗೆ ತನ್ನ ಹಲ್ಲು ಯಾವುದೆಂಬುದೇ ಮರೆತುಹೋಗಿತ್ತು. ಬೀಗ ಹಾಕಿದ ವರ್ಷವೇ ಗಾಜಿನ ಮುಂದೆ ಗಣಿಯ ನೀರು ನಿಂತುಬಿಟ್ಟಿತ್ತು. ಮೊನ್ನೆ ಮೊನ್ನೆ ಪಂಪು ಹಾಕಿ ನೀರು ತೆಗೆದ ಮೇಲೆ ಗಾಲಿಗಳು ಕಂಡವು. ಪ್ರತಿ ನೂರನೆಯ ಹಲ್ಲಿಗೂ ಬಣ್ಣದಲ್ಲಿ ಬರೆದ ಅಂಕಿ ಕಂಡಿತು. ಮೂರು ಗಾಲಿಗಳು ಈಗ ಎಷ್ಟನೆಯ ಹಲ್ಲಿನಲ್ಲಿವೆ ಎಂದು ತಿಳಿದರೆ ಸಾಕು, ಅಷ್ಟು ಕೋಟಿಯೊಳಗೆ ಅವುಗಳಿಗೆ ಹೊಂದುವ ಜಾಗ ಒಂದೇ ಒಂದು. ಕಂಪ್ಯೂಟರು ಅದನ್ನು ಕಣ್ಣು ಮಿಟುಕುವುದರೊಳಗೆ ಹುಡುಕಿಕೊಟ್ಟಿತ್ತು.

"ಇವತ್ತಿಗೆ ಇನ್ನೂರ ಮೂರು ದಿನ. ಸೋಮವಾರ. ಮಧ್ಯಾಹ್ನ ಸರಿಯಾಗಿ ಹನ್ನೆರಡು ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು!" ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಿಪ್ಪೇಶ ಗೋಡೆಯ ಮೇಲಿನ ಪಟ್ಟಿ ತಿದ್ದುತ್ತ ಕೂಗಿದ. ಅವನು ನೀಲಿಯ ಪಕ್ಕದ ಮೇಜಿನವನು. "ನೋಡವ್ವಾ, ಮಧ್ಯಾಹ್ನ ಊಟದ ಹೊತ್ತಿಗೇ ಇಟ್ಟಾರ. ಹಿರೇರು ಅಂದ್ರ ಹಿರೇರು!"

ಊರೆಲ್ಲ ಆ ಹನ್ನೆರಡು ಗಂಟೆಗೆ ಮರುಳಾಗಿತ್ತು. ಅಷ್ಟು ದುಂಡಗಿನ ಹೊತ್ತು ತಪ್ಪಾಗಿರಲು ಸಾಧ್ಯವೇ? ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಮೇಲೆ ನೆಲ ತಣಿದು ಎರಡು ಮಳೆ ಬಿದ್ದಿದ್ದವು. ಬೆಳಗಿನ ಹೊತ್ತು ಹೋಗಿ ಮಣ್ಣು ಹದ ಮಾಡುವವರ ಗುಂಪುಗಳಾಗಿದ್ದವು. ಇಷ್ಟು ವರ್ಷ ಅನ್ನ ಹಾಕಿದ ತೊಟ್ಟಿಯ ಹಿಟ್ಟು, ಅಂದರೆ ಯೀಸ್ಟ್ ಬೆಳೆಸಿ ಒಣಗಿಸಿದ ಬಿಳಿಹಿಟ್ಟು, ವರ್ಷದಿಂದ ವರ್ಷಕ್ಕೆ ಸೊರಗುತ್ತಿತ್ತು.

"ಕುಣಿಯೂದು ಆಮೇಲೆ" ಎಂದರು ಕೋಣೆಯ ಮುಖ್ಯಸ್ಥೆ ರುಕ್ಸಾನಾ ನದಾಫ್. ಕನ್ನಡಕ ಹಣೆಗೇರಿಸಿಕೊಂಡರೆ ಅವರು ಕೆಲಸದಲ್ಲಿದ್ದಾರೆಂದು ಅರ್ಥ. "ಇದು ತಪ್ಪಿದ್ರ ಮತ್ತ ಮೂವತ್ತಮೂರು ವರ್ಷ. ಬೀಜಕ್ಕ ಅಷ್ಟು ಆಯುಷ್ಯ ಇಲ್ಲ. ಅಷ್ಟೊತ್ತಿಗೆ ಒಳಗ ಇರೋದು ಬರೇ ಧೂಳು. ಕ್ಯಾಮೆರಾ ಮತ್ತೊಮ್ಮೆ ನೋಡ್ರಿ."

ನೋಡಿದರು. ಎರಡು ಗಾಲಿಗಳ ಮೇಲೆ ಎಂಜಿನಿಯರುಗಳ ನೆಟ್ಟಗಿನ ಇಂಗ್ಲಿಷ್ ಅಂಕಿ. ಕಿರಿತಂಗಿಯ, ಅಂದರೆ ಸಾವಿರದ ಹತ್ತೊಂಬತ್ತು ಹಲ್ಲಿನ ಗಾಲಿಯ ಮೇಲೆ ಕುಂಚದಲ್ಲಿ ಬರೆದ, ಬಾಲ ಬಳುಕಿಸಿದ ಕನ್ನಡ ಅಂಕಿ. ಅಜ್ಜಿಯ ಕೈಬರಹ. ನೀಲಿಗೆ ಅದನ್ನು ಕಂಡಾಗೆಲ್ಲ ಒಂದು ಹೆಮ್ಮೆ.

ಸಂಜೆಯ ದೀಪಗಳು ಹಳದಿಯಾಗುವ ಹೊತ್ತಿಗೆ ಅವಳು ಮನೆಗೆ ಬಂದಳು. ಅಜ್ಜಿ ಹಿತ್ತಾಳೆಯ ಸೇರು ಹಿಡಿದು ಹಿಟ್ಟು ಅಳೆಯುತ್ತಿದ್ದಳು. ವಾರದ ಮುದ್ದೆಯನ್ನು ಒಂದೇ ಸಲ ಕಲಸಿಡುವ ದಿನ ಅದು. ಗುರುಸಿದ್ಧವ್ವನ ತವರು ಅಳತೆಯ ಮನೆ. ಅವಳಪ್ಪ ಗುಡದೂರಿನ ಸಂತೆಯಲ್ಲಿ ರಾಶಿ ಅಳೆಯುತ್ತಿದ್ದವನು. ಎಂಬತ್ತೊಂದರ ವಯಸ್ಸಿನಲ್ಲೂ ಅವಳ ಸೇರಿನ ಮೇಲಿನ ಗೋಪುರ ಒಂದೇ ಅಳತೆ, ಒಂದು ಕಾಳೂ ಜಾರುತ್ತಿರಲಿಲ್ಲ.

"ಲಾಭ..." ಎಂದು ಮೊದಲ ಸೇರು ಸುರಿದಳು. "ಒಂದು... ಎರಡು... ಮೂರು... ನಾಲ್ಕು. ನಾಕು ಸೇರು ಆತು. ನೀರು ಹಾಕು."

ಸೇರಿಗೊಂದು ಚೆಂಬು ನೀರು. ನೀಲಿ ಹೊರಗಿನ ವಿಷಯ ಹೇಳುತ್ತ, ಮಕ್ಕಳ ಹಾಡಿನ ರಾಗ ಅಣಕಿಸುತ್ತ ನೀರು ಸುರಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಐದನೆಯ ಚೆಂಬು ಕೈಯಲ್ಲಿ ಓರೆಯಾಗಿದ್ದಾಗಲೇ ಅವಳ ಬಾಯಿ ನಿಂತಿತು.

ನಾಕು ಸೇರು ಅಂದಳು ಅಜ್ಜಿ. ನಾನ್ಯಾಕೆ ಐದು ಹಾಕಿದೆ?

ಯಾವಾಗಲೂ ಐದೇ ಹಾಕುತ್ತಿದ್ದಳು. ಚಿಕ್ಕಂದಿನಲ್ಲಿ ಒಮ್ಮೆ ನಾಲ್ಕು ಹಾಕಿ, ಹಿಟ್ಟು ಬಿಗಿಯಾಗಿ, ಬೈಸಿಕೊಂಡಿದ್ದಳು. ಅಂದಿನಿಂದ ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ.

"ಅಜ್ಜಿ" ಎಂದಳು, ಚೆಂಬು ಕೆಳಗಿಡದೆ. "ಲಾಭ ಅಂದ್ರ ಒಂದಲ್ಲೇನು?"

"ಬ್ಯಾರೆ ಮನ್ಯಾಗ ಒಂದು. ಒಂದು ಅನ್ನೂ ಬದ್ಲಿ ಲಾಭ ಅಂದು, ಮುಂದ ಎರಡು ಅಂತಾರ. ನಮ್ಮ ಮನ್ಯಾಗ ಹಂಗಿಲ್ಲ. ಮೊದಲಿಂದು ದೇವರದು. ದೇವರದನ್ನ ಮನಷ್ಯಾ ಎಣಸ್ತಾನೇನ? ಅದನ್ನ ಬಿಟ್ಟು ಒಂದು." ಅಜ್ಜಿ ಹಿಟ್ಟಿಗೆ ಕೈ ಹಾಕಿದಳು. "ಇಪ್ಪತ್ತನಾಕು ವರ್ಷ ನನ್ನ ಕೈಯ್ಯಾಗ ಉಂಡು ಈಗ ಕೇಳ್ತಿ!"

"ಗಾಲಿಗೆ ಅಂಕಿ ಬರೆಯೋ ಮುಂದ? ಕಚ್ಚಿನ ಹಲ್ಲು ಬಿಟ್ಟು ಮುಂದಿನದರಿಂದ ಎಣಸು ಅಂದಿದ್ರಲ್ಲ? ಆ ಮುಂದಿನ ಹಲ್ಲಿಗೆ ಏನಂದಿ?"

"ಏನಂತಾರ ಮತ್ತ? ಲಾಭ ಅಂದೆ."

ಹಾಗಾದರೆ ಅಜ್ಜಿ ನೂರು ಎಂದು ಬರೆದ ಹಲ್ಲು ನಿಜವಾಗಿ ನೂರ ಒಂದನೆಯದು. ನೀಲಿ ಪಕ್ಕದ ಒಣಹಿಟ್ಟಿನ ಮೇಲೆಯೇ ಬೆರಳಿನಿಂದ ಬರೆಯತೊಡಗಿದಳು. ಅಜ್ಜಿ ಬೈಯುತ್ತಿದ್ದರೂ ಕೇಳಿಸಲಿಲ್ಲ. ಹಿರಿಯಕ್ಕ, ನಡುವಿನಕ್ಕ ಇಬ್ಬರೂ ತಮ್ಮ ತಾವರೆಗಳ ಮೇಲೆ ಕೂಡುವುದು ಹತ್ತು ಲಕ್ಷ ಇಪ್ಪತ್ತೆರಡು ಸಾವಿರದ ನೂರ ಹದಿನೇಳು ಸೆಕೆಂಡಿಗೊಮ್ಮೆ, ಹನ್ನೆರಡು ದಿನಕ್ಕೆ ಸ್ವಲ್ಪ ಕಡಿಮೆ. ಇಬ್ಬರೂ ಕೂಡಿದಾಗೆಲ್ಲ ಕಿರಿತಂಗಿ ಹಿಂದಿನ ಸಲಕ್ಕಿಂತ ಸರಿಯಾಗಿ ಅರವತ್ತು ಮೆಟ್ಟಿಲು ಮುಂದಿರುತ್ತಾಳೆ. ಹದಿನೇಳು ಸಲ ಕೂಡಿದರೆ? ಹದಿನೇಳು ಅರವತ್ತಲೆ ಸಾವಿರದ ಇಪ್ಪತ್ತು. ಕಿರಿತಂಗಿಯ ಒಂದು ಪೂರ್ತಿ ಸುತ್ತು, ಮೇಲೊಂದು ಹೆಜ್ಜೆ.

ಒಂದು ಹೆಜ್ಜೆ! ಕಂಪ್ಯೂಟರು ಕಿರಿತಂಗಿಯನ್ನು ಒಂದು ಹೆಜ್ಜೆ ಹಿಂದೆ ಎಣಿಸಿತ್ತು. ಆ ಒಂದು ಹೆಜ್ಜೆ ತುಂಬಿಕೊಳ್ಳಲು ಅದು ಹದಿನೇಳು ಕೂಟ ಮುಂದಕ್ಕೆ ಹೋಗಿತ್ತು: ಇನ್ನೂರ ಒಂದು ದಿನ, ಎರಡು ತಾಸು, ಮೂವತ್ತೊಂಬತ್ತು ನಿಮಿಷ, ನಲವತ್ತೊಂಬತ್ತು ಸೆಕೆಂಡು. ಅದನ್ನು ಹಿಂದಕ್ಕೆ ತೆಗೆದರೆ...

"ಅಜ್ಜಿ, ಬುಧವಾರ" ಎಂದಳು. "ನಾಡಿದ್ದು. ಮುಂಜಾನೆ ಒಂಬತ್ತು ಇಪ್ಪತ್ತಕ್ಕ, ಹನ್ನೊಂದನೇ ಸೆಕೆಂಡಿಗೆ."

"ಏನು ಬುಧವಾರ?"

"ಅವರು ಮೂವರೂ ನಗ್ತಾರ."

ಮಂಗಳವಾರ ಬೆಳಿಗ್ಗೆ ನದಾಫ್ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ತಿಪ್ಪೇಶ ಮಾತ್ರ ಕುರ್ಚಿಯಲ್ಲೇ ಕುಣಿದ. "ಮುದ್ದಿ ಕಲಸೂ ನೀರಿನ ಮ್ಯಾಲೆ ಬೀಗ ತೆಗೀಬೇಕೇನು? ಸರಿಯಾಗಿ ಹನ್ನೆರಡು ಗಂಟೆ ಬಂದೈತಿ, ಅದಕ್ಕಿಂತ ಸಾಕ್ಷಿ ಬೇಕ?"

"ಮೂರೂ ಮಂದಿ ಒಬ್ಬರಿಗೊಬ್ಬರು ಹೇಳದ ಗಾಲಿ ಬಿಟ್ಟಾರ" ಎಂದಳು ನೀಲಿ. "ಒಬ್ಬರಿಗೊಬ್ಬರು ಹೇಳದ ಹನ್ನೆರಡು ಗಂಟೆ ಹೆಂಗ ಇಡ್ತಾರೋ ಮಾರಾಯ? ಅದು ಸುಮ್ಮ ಬಂದು ಕೂತ ಅಂಕಿ. ದುಂಡಗ ಐತಿ ಅಂತ ನಿನಗ ಚಂದ ಕಂಡೈತಿ, ಅಷ್ಟ."

ಅವಳು ತಿಪ್ಪೇಶನ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿದಳು.

"ಇನ್ನೊಂದು. ನಿನ್ನ ಲೆಕ್ಕದಾಗೂ ಬುಧವಾರ ಒಂಬತ್ತು ಇಪ್ಪತ್ತು ಹನ್ನೊಂದಕ್ಕ ಏನಾಗತೈತಿ, ನೋಡು."

ಅವನು ಕೀಲಿಗಳನ್ನು ಒತ್ತಿದ. ಪರದೆಯ ಮೇಲೆ ಎರಡು ಗಾಲಿಗಳು ಸೊನ್ನೆಯಲ್ಲಿ ಕೂತವು. ಮೂರನೆಯದು ಸಾವಿರದ ಹದಿನೆಂಟರಲ್ಲಿ, ಒಂದೇ ಒಂದು ಹಲ್ಲು ಹಿಂದೆ, ನಿಂತಿತ್ತು.

ಮೇಡಂ ಕನ್ನಡಕ ಹಣೆಗೇರಿಸಿದರು. "ನಾಳೆ ಎಳೆದು ತಪ್ಪಾದ್ರ ಮೂವತ್ತಮೂರು ವರ್ಷ. ನಾಳೆ ಎಳೀದ ಬಿಟ್ಟು, ನೀಲಿ ಹೇಳಿದ್ದು ಖರೇ ಆಗಿದ್ರ, ಅದೂ ಮೂವತ್ತಮೂರು ವರ್ಷ. ಸುಮ್ಮ ಕುಂತ್ರೂ ಪಾರಾಗೂದಿಲ್ಲ." ನೀಲಿಯ ಕಡೆ ತಿರುಗಿದರು. "ಅಜ್ಜೀನ ಕರಕೊಂಡು ಬಾ. ಏನೂ ಹೇಳಬ್ಯಾಡ."

"ನಿನ್ನೆ ಸಂಜಿ ನಾ ಎಲ್ಲಾ ಒದರೇಬಿಟ್ಟೀನ್ರಿ" ಎಂದಳು ನೀಲಿ. "ಆದ್ರ ಹೇಳಿದ್ರೂ ಆಕಿ ಕೈ ಬದಲಾಗೂದಿಲ್ಲ. ನೋಡ್ರಿ ಬೇಕಾದ್ರ."

ಗುರುಸಿದ್ಧವ್ವ ಬಂದು, ಕೋಣೆಯ ನಡುವೆ ಕುರ್ಚಿಯಲ್ಲಿ ಕೂತು, ಎಲ್ಲರ ಮುಖ ನೋಡಿದಳು. ಮೇಡಂ ತಮ್ಮ ಚೀಲದಿಂದ ಬಾಚಣಿಗೆ ತೆಗೆದು ಅವಳ ಕೈಗಿಟ್ಟರು.

"ಯಾರ ತಲಿ ಬಾಚೂದೈತವ್ವಾ?"

"ತಲಿ ಅಲ್ರಿ ಅಜ್ಜಿ. ಈ ತುದಿಯ ದಪ್ಪ ಹಲ್ಲು ಕಚ್ಚು ಅಂತ ತಿಳೀರಿ. ಅದನ್ನ ಬಿಟ್ಟು ಹತ್ತನೇ ಹಲ್ಲಿಗೆ ಮಸಿ ಹಚ್ಚರಿ. ಹಿಂದ ಗಾಲಿಗೆ ಹೆಂಗ ಹಚ್ಚಿದ್ರೋ ಹಂಗ."

ಅಜ್ಜಿ ಬಾಚಣಿಗೆಯನ್ನು ಕಣ್ಣಿನ ಹತ್ತಿರ ತಂದಳು. ಹೆಬ್ಬೆರಳಿನ ಉಗುರು ಹಲ್ಲಿನಿಂದ ಹಲ್ಲಿಗೆ ಜಾರಿತು. ತುಟಿ ಅಲ್ಲಾಡಿತು. ಕುಂಚ ಮುಟ್ಟಿಸಿದಳು.

ತಿಪ್ಪೇಶ ಇಸಿದುಕೊಂಡು ಎಣಿಸಿದ. ಮತ್ತೊಮ್ಮೆ ಎಣಿಸಿದ. "ಅಜ್ಜಿ, ಇದು ಹನ್ನೊಂದು."

"ಹತ್ತು."

"ಹನ್ನೊಂದು ಐತಿ ನೋಡ್ರಿ ಬೇ!"

"ತಮ್ಮಾ, ದೇವರದನ್ನೂ ನಿನ್ನ ಲೆಕ್ಕಕ್ಕ ಸೇರಿಸಿಕೊಂಡೀ. ಅದಕ್ಕ ನಿಮ್ಮ ಮನ್ಯಾಗ ಏನೂ ಹತ್ತೂದಿಲ್ಲ."

ಕೋಣೆಗೆ ಕೋಣೆಯೇ ನಕ್ಕಿತು. ನದಾಫ್ ಮೇಡಂ ನಗಲಿಲ್ಲ. ಗೋಡೆಯ ಹತ್ತಿರ ಹೋಗಿ, ಇನ್ನೂರ ಎರಡು ಎಂದು ಬರೆದಿದ್ದ ಪಟ್ಟಿಯನ್ನು ಅಂಗೈಯಿಂದ ಒರೆಸಿದರು. "ನಾಳೆ" ಎಂದು ಬರೆದರು. ಆಮೇಲೆ ಬಾಚಣಿಗೆಯನ್ನು ಒರೆಸದೆ ಹಾಗೆಯೇ ಚೀಲಕ್ಕೆ ಹಾಕಿಕೊಂಡರು.

ಊರಿಗೆ ಹೇಳಲು ಒಂದು ಹಗಲು ಮಾತ್ರ ಇತ್ತು. ಹಾಡು ಅರ್ಧ ಕಲಿತ ಮಕ್ಕಳು ಅರ್ಧವನ್ನೇ ಹಾಡುವುದೆಂದಾಯಿತು. ಕೆಲವರು ಜಗಳಕ್ಕೆ ಬಂದರು: ಒಬ್ಬ ಮುದುಕಿಯ ಬೆರಳಿನ ಮೇಲೆ ಊರಿನ ಬೀಜ ಇಡುತ್ತೀರಾ? ನೀಲಿ ಪ್ರತಿಯೊಬ್ಬರನ್ನೂ ಕೂರಿಸಿ ಮೂವರು ಅಕ್ಕತಂಗಿಯರ ಕಥೆ ಹೇಳಿದಳು. ಅರವತ್ತು ಮೆಟ್ಟಿಲು, ಹದಿನೇಳು ಕೂಟ, ಒಂದು ಹೆಜ್ಜೆ. ಸೂತ್ರ ಬರೆದು ತೋರಿಸಿದರೆ ತಲೆಯಾಡಿಸಿ ಎದ್ದು ಹೋಗುವವರು, ಕಥೆ ಕೇಳಿ ಬೆರಳು ಮಡಚಿ ತಾವೇ ಎಣಿಸಿ, "ಹೌದಲ್ಲ!" ಎಂದು ಎದ್ದರು. ಹಿಡಿಕೆ ಯಾರು ಎಳೆಯಬೇಕೆಂಬ ಪ್ರಶ್ನೆ ಬಂದಾಗ ಮೇಡಂ ಒಂದೇ ಮಾತು ಹೇಳಿದರು: "ಮಾತು ಕೊಟ್ಟಾಕಿ ಎಳೀಲಿ."

ಬುಧವಾರ. ಒಂಬತ್ತು ಗಂಟೆ ಹದಿನೆಂಟು ನಿಮಿಷ. ಬಾಗಿಲಿನ ಪಕ್ಕದ ಗೂಡಿನಲ್ಲಿ ನೀಲಿ ನಿಂತಿದ್ದಳು. ಕಬ್ಬಿಣದ ಹಿಡಿಕೆ ತಣ್ಣಗಿತ್ತು. ಹಿಂದೆ ಊರೆಲ್ಲ ಸೇರಿತ್ತು. ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ತಲೆಯ ಮೇಲಿನ ಪರದೆಯನ್ನು ತಿಪ್ಪೇಶ ಹಳೆಯ ಲೆಕ್ಕದಲ್ಲೇ ಬಿಟ್ಟಿದ್ದ. ಹಾಗೆ ಬಿಡಲು ಅವಳೇ ಹೇಳಿದ್ದಳು. ಕಿರಿತಂಗಿ ಅದರಲ್ಲಿ ಒಂದು ಹೆಜ್ಜೆ ಹಿಂದಿರಬೇಕು, ಇದ್ದರೆ ಸರಿ.

ಹಿಡಿಕೆಯ ಮೇಲೆ ಕೈಯಿಟ್ಟಳು. ಐದನೆಯ ಚೆಂಬು ಸುರಿದ ಕೈ ಅದು. ತಲೆಗಿಂತ ಮುಂಚೆ ಅದಕ್ಕೆ ಗೊತ್ತಿತ್ತು.

"ಹಿರಿಯಕ್ಕ ಸಾವಿರದ ನಾಕು" ಎಂದು ತಿಪ್ಪೇಶ ಓದತೊಡಗಿದ. "ನಡುವಿನಕ್ಕ ಸಾವಿರದ ಎಂಟು. ಕಿರಿತಂಗಿ ಸಾವಿರದ ಹದಿಮೂರು."

ಟಿಕ್.

"ಸಾವಿರದ ಐದು. ಒಂಬತ್ತು. ಹದಿನಾಕು."

ಟಿಕ್. ಟಿಕ್. ನೀಲಿ ಕಣ್ಣು ಮುಚ್ಚಿದಳು. ಮೂರು ಜೊತೆ ಕಾಲ್ಗೆಜ್ಜೆ ಕೇಳಿಸಿತು.

ಟಿಕ್.

"ಸಾವಿರದ ಎಂಟು. ಹನ್ನೆರಡು. ಹದಿನೇಳು."

ಟಿಕ್.

"ಸೊನ್ನಿ! ಸೊನ್ನಿ! ಹದಿನೆಂಟು..." ಪರದೆ ಕೆಂಪಾಗಿ, ಹೊಂದಿಲ್ಲ, ಹೊಂದಿಲ್ಲ ಎಂದು ಮಿನುಗಿತು.

"ಬರ್ರವ್ವಾ!" ಎಂದು ಕೂಗಿ ನೀಲಿ ಹಿಡಿಕೆ ಎಳೆದಳು.

ಹಿಡಿಕೆ ಎಲ್ಲಿಯೂ ತಡೆಯಲಿಲ್ಲ. ಬೆಣ್ಣೆಗೆ ಕೈಯಿಟ್ಟಂತೆ ಕೆಳಗಿಳಿಯಿತು. ಟಿಕ್ ಟಿಕ್ ನಿಂತಿತು. ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದು ನಿಂತಾಗ ಊರಿಗೆ ಕಿವಿಯೇ ಹೋದಂತಾಯಿತು. ಆಮೇಲೆ ಕಲ್ಲಿನೊಳಗೆ ಎಲ್ಲೋ ಒಂದು ಭಾರ ಜಾರಿತು. ಬಾಗಿಲು ಒಂದು ಗೇಣು ಸರಿಯಿತು. ಒಂದು ಮೊಳ. ಒಂದು ಆಳು. ಒಳಗಿನ ತಣ್ಣನೆಯ ಗಾಳಿ ಹೊರಬಂತು. ಅದರಲ್ಲಿ ತಳಪೇಟೆಯ ಮಕ್ಕಳಿಗೆ ಗೊತ್ತೇ ಇಲ್ಲದ ಒಂದು ವಾಸನೆ: ಒಣಕಾಳು, ಬೇವಿನೆಲೆ, ಬೂದಿ.

ಮಕ್ಕಳು ಹಾಡುವುದನ್ನು ಮರೆತರು. ದೊಡ್ಡವರು ಅತ್ತರು. ತಿಪ್ಪೇಶ ಕೆಂಪು ಪರದೆಯ ಮುಂದೆ ಕೈಮುಗಿದು ನಿಂತು, "ಹನ್ನೊಂದೂ ಹತ್ತ ಅಜ್ಜಿ, ಹನ್ನೊಂದೂ ಹತ್ತ!" ಅನ್ನುತ್ತಿದ್ದ.

ಗುರುಸಿದ್ಧವ್ವ ಕೋಲೂರಿಕೊಂಡು ಒಳಗೆ ಹೋದಳು. ಯಾರೂ ಅವಳ ಮುಂದೆ ಹೋಗಲಿಲ್ಲ. ಮೊದಲ ಗಡಿಗೆಯ ಮುಚ್ಚಳ ತೆಗೆದು, ಜೋಳದ ಕಾಳನ್ನು ಅಂಗೈಯಲ್ಲಿ ಹೊರಳಿಸಿ, ಒಂದನ್ನು ಹಲ್ಲಿನಿಂದ ಕಡಿದು ನೋಡಿದಳು. ಕಟ್ ಎಂದು ಸದ್ದಾಯಿತು. "ಜೀವ ಐತಿ" ಎಂದಳು. ಸೊಂಟದಿಂದ ಸೇರು ತೆಗೆದಳು. ಅದನ್ನು ಮನೆಯಿಂದಲೇ ತಂದಿದ್ದಳು.

ಮೇಲೆ ಹೋಗುವ ಗುಂಪುಗಳಿಗೆ ಹಂಚಬೇಕು. ಬರೆದುಕೊಳ್ಳಲು ನದಾಫ್ ಮೇಡಂ ಕಾಗದ ಹಿಡಿದು ಪಕ್ಕದಲ್ಲಿ ಕೂತರು. ನೀಲಿ ಸೆರಗು ಒಡ್ಡಿದಳು. ಅಜ್ಜಿ ಗೋಪುರ ಮಾಡಿ ಮೊದಲ ಸೇರು ಎತ್ತಿ, ಮೊಮ್ಮಗಳ ಮುಖವನ್ನೊಮ್ಮೆ ನೋಡಿ, ಸುರಿದಳು.

"ಲಾಭ."

ಮೇಡಂ ಪೆನ್ನು ಎತ್ತಿ ಹಿಡಿದು ಸುಮ್ಮನಿದ್ದರು. ಎರಡನೆಯ ಸೇರು ಬಿದ್ದ ಮೇಲೆ, "ಒಂದು" ಎಂದು ಬರೆದರು.